ಮಗನ ಮೈಕೊಬ್ಬು ಒಂದು ಯಂತ್ರದಲ್ಲಿ 31, ಇನ್ನೊಂದರಲ್ಲಿ 24: ಯಾವುದನ್ನು ನಂಬಲಿ?

ಮಲ್ಲಿಗೆಮೊಗ್ಗು, ತುಮಕೂರು

ಎಲ್ಲರಿಗೂ ನಮಸ್ಕಾರ. ಭಾನುವಾರದಿಂದ ಮನಸ್ಸಿಗೆ ಸಮಾಧಾನವಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮಗನಿಗೆ ಒಂಬತ್ತೂವರೆ ವರ್ಷ. ಎತ್ತರ 136 ಸೆಂ.ಮೀ., ತೂಕ 36 ಕಿಲೋ. ನಮ್ಮ ಬಡಾವಣೆಯ ಉದ್ಯಾನದಲ್ಲಿ ಉಚಿತ ಆರೋಗ್ಯ ತಪಾಸಣೆ ಇಟ್ಟಿದ್ದರು. ಬರಿಗಾಲಿನಲ್ಲಿ ನಿಂತು ಎರಡೂ ಕೈಯಲ್ಲಿ ಹಿಡಿಕೆ ಹಿಡಿದುಕೊಳ್ಳುವ ಯಂತ್ರವೊಂದರ ಮೇಲೆ ಅವನನ್ನು ಹತ್ತಿಸಿದರು. ಮೈಕೊಬ್ಬು ಶೇ 31 ಎಂದು ಚೀಟಿ ಬಂತು. ಅಲ್ಲಿದ್ದವರು ಅದನ್ನು ಎಲ್ಲರ ಎದುರಿಗೇ ಗಟ್ಟಿಯಾಗಿ ಓದಿ, ಡಬ್ಬಿಯಲ್ಲಿ ಬರುವ ಪುಡಿಯೊಂದನ್ನು ಮೂರು ತಿಂಗಳು ಕುಡಿಸಬೇಕೆಂದರು. ಸಂಜೆ ನಾದಿನಿಯ ಮನೆಗೆ ಹೋದಾಗ ಅಲ್ಲಿದ್ದ ತೂಕದ ಯಂತ್ರದ ಮೇಲೆ ನಿಲ್ಲಿಸಿ ನೋಡಿದೆ. ಅದು 24 ಎಂದಿತು. ಅದೇ ದಿನ, ಅದೇ ಮಗು. ಇನ್ನು ಶಾಲೆಯಿಂದ ಬಂದ ಆರೋಗ್ಯ ಕಾರ್ಡಿನಲ್ಲಿ ‘ಬಿಎಂಐ 19.5, ಸಾಮಾನ್ಯ’ ಎಂದಿದೆ.

ರಾತ್ರಿ ಮಲಗುವಾಗ ಅವನು ಕೇಳಿದ: “ಅಮ್ಮಾ, 35 ಬಂದಿದ್ದರೆ ಪಾಸಾಗುತ್ತಿದ್ದೆನೇ?” ನನಗೆ ಏನು ಹೇಳಬೇಕೋ ತೋಚಲಿಲ್ಲ. ಮೂರರಲ್ಲಿ ಯಾವುದನ್ನು ನಂಬಲಿ? ತಿಳಿದವರು ಹೇಳಿ.

ಮಕ್ಕಳವೈದ್ಯೆ, ಮೈಸೂರು

ಮಲ್ಲಿಗೆಯವರೇ, ಆ ಪುಡಿಯನ್ನು ಕೊಳ್ಳಬೇಡಿ. ಮೊದಲು ಅದೊಂದು ಇತ್ಯರ್ಥವಾಗಲಿ.

ಇನ್ನು ಶಾಲೆಯ ಕಾರ್ಡು. ಬಿಎಂಐ ಎಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಂಕಿ. ಲೆಕ್ಕ ಸರಿಯಾಗಿದೆ, 36 ಕಿಲೋವನ್ನು 1.36 ಮೀಟರಿನಿಂದ ಎರಡು ಸಲ ಭಾಗಿಸಿದರೆ 19.5 ಬರುತ್ತದೆ. ತಪ್ಪಿರುವುದು ‘ಸಾಮಾನ್ಯ’ ಎಂಬ ಮಾತಿನಲ್ಲಿ. 25 ದಾಟಿದರೆ ಅಧಿಕ ತೂಕ ಎಂಬುದು ದೊಡ್ಡವರ ಗೆರೆ. ಬೆಳೆಯುವ ಮಕ್ಕಳಲ್ಲಿ ಬಿಎಂಐ ಒಂದೆಡೆ ನಿಲ್ಲುವುದೇ ಇಲ್ಲ. ಹುಟ್ಟಿದ ವರ್ಷ ಏರುತ್ತದೆ, ನಡೆಯಲು ಕಲಿತ ಮೇಲೆ ಇಳಿಯುತ್ತಾ ಹೋಗಿ ಐದಾರು ವರ್ಷದ ಹೊತ್ತಿಗೆ ತಳ ಮುಟ್ಟುತ್ತದೆ, ಆಮೇಲೆ ಮತ್ತೆ ಏರತೊಡಗುತ್ತದೆ. ಹಾಗಾಗಿ ವಯಸ್ಸು ಮತ್ತು ಲಿಂಗಕ್ಕೆ ತಕ್ಕ ಬೆಳವಣಿಗೆ ನಕ್ಷೆಯ ಮೇಲೆ ಚುಕ್ಕಿ ಇಟ್ಟು ನೋಡದೆ ಆ ಅಂಕಿಗೆ ಅರ್ಥವಿಲ್ಲ. ನಮ್ಮ ದೇಶದ ಮಕ್ಕಳಿಗೆಂದೇ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2015ರಲ್ಲಿ 5ರಿಂದ 18 ವರ್ಷದವರ ನಕ್ಷೆಗಳನ್ನು ಪರಿಷ್ಕರಿಸಿತು. ಅದರಲ್ಲಿ ಎರಡು ಮುಖ್ಯ ಗೆರೆಗಳಿವೆ. ಒಂದು, ದೊಡ್ಡವರಾದಾಗ ಬಿಎಂಐ 23ಕ್ಕೆ ಹೋಗಿ ಸೇರುವ ಗೆರೆ. ಇನ್ನೊಂದು 27ಕ್ಕೆ ಸೇರುವ ಗೆರೆ. ಮೊದಲನೆಯದರ ಮೇಲಿದ್ದರೆ ಅಧಿಕ ತೂಕ, ಎರಡನೆಯದನ್ನೂ ದಾಟಿದರೆ ಬೊಜ್ಜು. ಒಂಬತ್ತೂವರೆ ವರ್ಷದ ಹುಡುಗನಿಗೆ 19.5 ಎಂದರೆ ಮೊದಲ ಗೆರೆಯ ಮೇಲೆ, ಎರಡನೆಯದರ ಕೆಳಗೆ.

ಇದರಿಂದ ಅವನಿಗೆ ಕಾಯಿಲೆ ಇದೆ ಎಂದಾಗಲಿಲ್ಲ. ಇನ್ನಷ್ಟು ನೋಡಬೇಕು ಎಂದಾಯಿತು, ಅಷ್ಟೆ. ಕೆಲವು ವಿಷಯ ತಿಳಿಸಿ. ಕುತ್ತಿಗೆಯ ಹಿಂಭಾಗ, ಕಂಕುಳು ಕಪ್ಪಾಗಿವೆಯೇ? ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಾನೆಯೇ? ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ ಇದೆ? ನೀವು ಗರ್ಭಿಣಿಯಾಗಿದ್ದಾಗ ಸಕ್ಕರೆ ಏರಿತ್ತೇ? ಹುಟ್ಟಿದಾಗ ಅವನ ತೂಕವೆಷ್ಟು?

ಅಜ್ಜಿಮನೆ, ಹೊಳೆನರಸೀಪುರ

ಡಾಕ್ಟರೇ, ನಾನು ಓದಿದವಳಲ್ಲ, ಮೂವರು ಗಂಡುಮಕ್ಕಳನ್ನು ಸಾಕಿದವಳು. ಹತ್ತನೆಯ ವಯಸ್ಸಿನಲ್ಲಿ ಮೂವರೂ ಮೈ ತುಂಬಿಕೊಂಡು ದುಂಡಗಿದ್ದರು. ಹದಿನಾಲ್ಕು ಹದಿನೈದಕ್ಕೆ ಜೋಳದ ದಂಟಿನಂತೆ ಎದ್ದು ನಿಂತರು. ಮೈ ತುಂಬಿದ ಮಗುವನ್ನು ಕಂಡರೆ ಮೊದಲೆಲ್ಲ ಜನ ದೃಷ್ಟಿ ತೆಗೆಯುತ್ತಿದ್ದರು, ಈಗ ಯಂತ್ರ ಹತ್ತಿಸುತ್ತಾರೆ. ಬೆಳೆಯುವ ಮಗುವಿನ ಅನ್ನಕ್ಕೆ ಕಣ್ಣು ಹಾಕುವುದು ನನಗೆ ಸರಿ ಕಾಣುವುದಿಲ್ಲ. ಮಲ್ಲಿಗೆ, ನಿನ್ನ ಮಗು ಹೊಟ್ಟೆ ತುಂಬ ಉಣ್ಣಲಿ ತಾಯಿ.

ದೇಹದಳತೆ, ಬೆಂಗಳೂರು

ನಾನು ಪೌಷ್ಟಿಕತೆಯ ಕ್ಷೇತ್ರದಲ್ಲಿ ಕೆಲಸ ಮಾಡುವವನು. ಮಕ್ಕಳ ಮೈಯ ಕೊಬ್ಬನ್ನು ಅಳೆಯುವುದೇ ಹಲವು ವರ್ಷಗಳಿಂದ ನನ್ನ ದಿನಗೆಲಸ. ಆದ್ದರಿಂದ 31 ಮತ್ತು 24ರ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಆ ಯಂತ್ರಗಳು ಕೊಬ್ಬನ್ನು ಅಳೆಯುವುದಿಲ್ಲ. ಅವು ಅಳೆಯುವುದು ಒಂದನ್ನೇ: ಮೈಯೊಳಗೆ ಬಿಟ್ಟ ಅತಿ ಸಣ್ಣ ವಿದ್ಯುತ್ತಿಗೆ ಎದುರಾಗುವ ತಡೆ. ಸ್ನಾಯುವಿನಲ್ಲಿ ನೀರೂ ಲವಣವೂ ಇರುವುದರಿಂದ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ತೊಡಕುತ್ತದೆ. ತಡೆಯಿಂದ ಮೈಯಲ್ಲಿರುವ ನೀರನ್ನು, ನೀರಿನಿಂದ ಕೊಬ್ಬಿಲ್ಲದ ಭಾಗವನ್ನು ಅಂದಾಜು ಮಾಡಿ, ಅದನ್ನು ತೂಕದಿಂದ ಕಳೆದು ಉಳಿದದ್ದನ್ನು ‘ಕೊಬ್ಬು’ ಎಂದು ಚೀಟಿಯಲ್ಲಿ ಮುದ್ರಿಸುತ್ತವೆ. ಈ ಅಂದಾಜಿನ ಸೂತ್ರ ಒಂದೊಂದು ತಯಾರಕರದೂ ಒಂದೊಂದು ಬಗೆ. ಯಾವ ದೇಶದ, ಯಾವ ವಯಸ್ಸಿನ ಜನರ ಮೇಲೆ ಸೂತ್ರ ಕಟ್ಟಿದ್ದಾರೋ ಅವರಿಗೆ ಅದು ಸರಿಹೊಂದುತ್ತದೆ. ದೊಡ್ಡವರಲ್ಲಿ ಕೊಬ್ಬಿಲ್ಲದ ಅಂಗಾಂಶದ ಸುಮಾರು ಶೇ 73 ಭಾಗ ನೀರು. ಮಕ್ಕಳಲ್ಲಿ ಅದಕ್ಕಿಂತ ಹೆಚ್ಚು. ಇದನ್ನು ಲೆಕ್ಕಕ್ಕೆ ಹಿಡಿಯದ ಯಂತ್ರ ಮಕ್ಕಳ ವಿಷಯದಲ್ಲಿ ತಪ್ಪು ಹೇಳಲೇಬೇಕು.

ಮತ್ತೊಂದು ಸಂಗತಿ. ಪಾದಗಳ ಕೆಳಗೆ ಮಾತ್ರ ಲೋಹದ ಪಟ್ಟಿ ಇರುವ ಮನೆಯ ಯಂತ್ರದಲ್ಲಿ ವಿದ್ಯುತ್ತು ಬಹುಪಾಲು ಒಂದು ಕಾಲಿನಿಂದ ಏರಿ ಇನ್ನೊಂದು ಕಾಲಿನಿಂದ ಇಳಿಯುತ್ತದೆ. ಕೈಹಿಡಿಕೆ ಇರುವ ಯಂತ್ರದಲ್ಲಿ ತೋಳು, ಮುಂಡಗಳೂ ಸೇರುತ್ತವೆ. ಮಗು ಬಿಸಿಲಿನಲ್ಲಿ ಆಡಿ ಬೆವರಿದ್ದರೆ, ಆಗತಾನೆ ಎರಡು ಲೋಟ ನೀರು ಕುಡಿದಿದ್ದರೆ, ಊಟ ಮಾಡಿದ್ದರೆ, ಮೂತ್ರ ಕಟ್ಟಿಕೊಂಡಿದ್ದರೆ ಅಂಕಿ ಬದಲಾಗುತ್ತದೆ. ನಿಮ್ಮ ಮಗನ ಎರಡು ಅಂಕಿಗಳ ನಡುವಿನ ಅಂತರವನ್ನು ಕಿಲೋಗೆ ತಿರುಗಿಸಿದರೆ ಎರಡೂವರೆ ಕಿಲೋ ಕೊಬ್ಬು! ಅಷ್ಟು ಕೊಬ್ಬು ಬೆಳಿಗ್ಗೆ ಇದ್ದು ಸಂಜೆಗೆ ಮಾಯವಾಗುವುದು ಸಾಧ್ಯವಿಲ್ಲ.

ಹಾಗಾದರೆ ಸರಿಯಾಗಿ ಅಳೆಯುವುದು ಹೇಗೆ? ಸಂಶೋಧನೆಯಲ್ಲಿ ನಾವು ನೆಚ್ಚುವ ಒಂದು ವಿಧಾನ ಭಾರಜಲದ್ದು, ಅಂದರೆ ಹೆಚ್ಚು ತೂಕದ ಬಗೆಯ ಹೈಡ್ರೋಜನ್ ಇರುವ ನೀರಿನದು. ಮಗುವಿಗೆ ತೂಗಿ ಅಳೆದ ಸ್ವಲ್ಪ ಭಾರಜಲ ಕುಡಿಸುತ್ತೇವೆ. ಅದರಲ್ಲಿ ವಿಕಿರಣ ಇರುವುದಿಲ್ಲ. ಕುಡಿಸುವ ಮೊದಲು ಒಮ್ಮೆ, ಕೆಲವು ಗಂಟೆಗಳ ನಂತರ ಒಮ್ಮೆ ಜೊಲ್ಲಿನ ಮಾದರಿ ತೆಗೆದು ಆ ಭಾರಜಲ ಎಷ್ಟು ತಿಳಿಯಾಗಿದೆ ಎಂದು ನೋಡಿದರೆ ಮೈಯಲ್ಲಿರುವ ಒಟ್ಟು ನೀರು ಗೊತ್ತಾಗುತ್ತದೆ. ಪಾನಕದ ರುಚಿ ನೋಡಿ ಕೊಡದಲ್ಲಿ ಎಷ್ಟು ನೀರಿತ್ತೆಂದು ಹೇಳಿದ ಹಾಗೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಈ ಬಗೆಯ ಐಸೊಟೋಪ್ ವಿಧಾನಗಳಲ್ಲಿ ಬಹುಕಾಲದಿಂದ ಕೆಲಸ ಮಾಡಿದೆ. ಇನ್ನೊಂದು ಡೆಕ್ಸಾ. ಮೂಳೆಯ ಸಾಂದ್ರತೆ ನೋಡುವ ಯಂತ್ರವೇ ಮೈಯ ಕೊಬ್ಬನ್ನೂ, ಅದು ಎಲ್ಲೆಲ್ಲಿ ಕೂತಿದೆ ಎಂಬುದನ್ನೂ ತೋರಿಸುತ್ತದೆ. ಅದರ ವಿಕಿರಣ ಎದೆಯ ಎಕ್ಸ್‌ರೇಗಿಂತ ಕಡಿಮೆ. ಆದರೆ ನಿಮ್ಮ ಮಗನಿಗೆ ಇವೆರಡೂ ಬೇಕಿಲ್ಲ. ಮನೆಯಲ್ಲಿ ಒಂದು ಅಳತೆಯ ಟೇಪು ಸಾಕು.

ಹೊಟ್ಟೆಯ ಸುತ್ತಳತೆ ನೋಡಿ. ಕೊನೆಯ ಪಕ್ಕೆಲುಬಿನ ಅಂಚು ಮತ್ತು ಸೊಂಟದ ಮೂಳೆಯ ಮೇಲಂಚನ್ನು ಬೆರಳಿನಿಂದ ಗುರುತಿಸಿ, ಅವೆರಡರ ನಟ್ಟನಡುವೆ, ಬರಿಮೈಯ ಮೇಲೆ ಟೇಪು ಸುತ್ತಿ. ಬಿಗಿಯಬಾರದು. ಮಗು ಸಹಜವಾಗಿ ಉಸಿರು ಬಿಟ್ಟ ಕ್ಷಣದಲ್ಲಿ ಓದಿಕೊಳ್ಳಿ. ಎರಡು ಸಲ ಅಳೆಯಿರಿ. ದರ್ಜಿಯ ಹಳೆಯ ಬಟ್ಟೆಯ ಟೇಪು ಹಿಗ್ಗಿರುತ್ತದೆ, ಅದು ಬೇಡ. ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ವಯಸ್ಸಿನ ಪಟ್ಟಿ ಬೇಡ, ನಕ್ಷೆ ಬೇಡ. ಐದು ವರ್ಷ ದಾಟಿದ ಎಲ್ಲರಿಗೂ ಇದೇ ಅರ್ಧದ ಲೆಕ್ಕ. ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ಇದನ್ನು ಮಕ್ಕಳಿಗೂ ಸೂಚಿಸಿತು.

ಎತ್ತರವನ್ನೂ ಮತ್ತೊಮ್ಮೆ ಅಳೆಯಿರಿ. ಎರಡು ಸೆಂಟಿಮೀಟರ್ ತಪ್ಪಿದರೂ ಅವನ ಬಿಎಂಐ ಅರ್ಧ ಅಂಕಕ್ಕಿಂತ ಹೆಚ್ಚು ಜರುಗುತ್ತದೆ.

ಮಲ್ಲಿಗೆಮೊಗ್ಗು, ತುಮಕೂರು

ಅಳೆದೆ. ಎತ್ತರ 136 ಸರಿಯಾಗಿದೆ. ಹೊಟ್ಟೆ 71. ಅರ್ಧ ಎಂದರೆ 68, ಮೂರು ಹೆಚ್ಚಿದೆ.

ಡಾಕ್ಟರೇ, ನೀವು ಕೇಳಿದ್ದಕ್ಕೆ ಉತ್ತರ ಬರೆಯಲು ಕೈ ನಡುಗುತ್ತಿದೆ. ಕುತ್ತಿಗೆ ಕಪ್ಪಾಗಿದೆ. ಒಂದು ವರ್ಷದಿಂದ ಅದು ಕೊಳೆಯೆಂದುಕೊಂಡು ಪ್ರತಿ ಭಾನುವಾರ ಎಣ್ಣೆ ಸ್ನಾನದಲ್ಲಿ ಕಡಲೆಹಿಟ್ಟು, ತೆಂಗಿನ ನಾರು ಹಾಕಿ ಉಜ್ಜುತ್ತಿದ್ದೆ. ಉರಿಯುತ್ತದೆ ಎಂದು ಅವನು ಅಳುತ್ತಿದ್ದ. ನಾನು ಗದರಿ ಇನ್ನೂ ಉಜ್ಜುತ್ತಿದ್ದೆ. ಗರ್ಭಿಣಿಯಾಗಿದ್ದಾಗ ಏಳನೇ ತಿಂಗಳಲ್ಲಿ ಸಕ್ಕರೆ ಬಂದಿತ್ತು, ಹೆರಿಗೆಯ ನಂತರ ಹೋಯಿತು. ತಾಯಿ ಕಾರ್ಡು ತೆಗೆದು ನೋಡಿದೆ, ಹುಟ್ಟಿದಾಗ 2.6 ಕಿಲೋ. ಮಾವನವರಿಗೂ ನಮ್ಮ ತಂದೆಗೂ ಸಕ್ಕರೆ ಕಾಯಿಲೆ. ಗೊರಕೆ ಇಲ್ಲ.

ಮಕ್ಕಳವೈದ್ಯೆ, ಮೈಸೂರು

ಉಜ್ಜುವುದನ್ನು ಇಂದಿಗೇ ನಿಲ್ಲಿಸಿ, ಆದರೆ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ನನ್ನ ಬಳಿ ಬರುವ ಅನೇಕ ತಾಯಂದಿರು ಹೀಗೆಯೇ ಉಜ್ಜಿ ಉಜ್ಜಿ ಸೋತು, ಕೊನೆಗೆ ಚರ್ಮಕ್ಕೆ ಮುಲಾಮು ಕೇಳಲು ಬರುತ್ತಾರೆ. ಅದು ಕೊಳೆಯಲ್ಲ. ಇನ್ಸುಲಿನ್ ಮಾತನ್ನು ಮೈ ಸರಿಯಾಗಿ ಕೇಳದಿದ್ದಾಗ ಮೇದೋಜೀರಕ ಗ್ರಂಥಿ ಇನ್ನೂ ಹೆಚ್ಚು ಇನ್ಸುಲಿನ್ ಸುರಿಯುತ್ತದೆ. ಆ ಹೆಚ್ಚಿದ ಇನ್ಸುಲಿನ್ ಚರ್ಮದ ಕಣಗಳನ್ನೂ ಬೆಳೆಸಿ, ಕುತ್ತಿಗೆ, ಕಂಕುಳುಗಳಲ್ಲಿ ಮಖಮಲ್ಲಿನಂಥ ಕಪ್ಪು ಪಟ್ಟಿ ಮೂಡಿಸುತ್ತದೆ. ಯಾವ ಯಂತ್ರವೂ ಹೇಳದಿದ್ದುದನ್ನು ಅವನ ಕುತ್ತಿಗೆ ಒಂದು ವರ್ಷದಿಂದ ಹೇಳುತ್ತಿತ್ತು.

ಗರ್ಭದಲ್ಲಿನ ಸಕ್ಕರೆಯ ಬಗ್ಗೆ ಕೇಳಿದ್ದಕ್ಕೂ ಕಾರಣವಿದೆ. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರಾಗಿದ್ದವರ ಸಕ್ಕರೆ ಪರೀಕ್ಷಿಸಿ, ಅವರಿಗೆ ಹುಟ್ಟಿದ ಮಕ್ಕಳನ್ನು ವರ್ಷ ವರ್ಷ ಅಳೆಯುತ್ತಾ ಬಂದ ಅಧ್ಯಯನವೊಂದಿದೆ. ಪಾರ್ಥೆನಾನ್ ಅಧ್ಯಯನವೆಂದು ಹೆಸರು. ಗರ್ಭದಲ್ಲಿದ್ದಾಗ ತಾಯಿಗೆ ಸಕ್ಕರೆ ಏರಿದ್ದ ಮಕ್ಕಳಲ್ಲಿ ಒಂಬತ್ತೂವರೆ ವರ್ಷದ ಹೊತ್ತಿಗೆ, ಅಂದರೆ ನಿಮ್ಮ ಮಗನ ಈಗಿನ ವಯಸ್ಸಿಗೆ, ಚರ್ಮದಡಿಯ ಕೊಬ್ಬೂ ಇನ್ಸುಲಿನ್ನೂ ಇತರ ಮಕ್ಕಳಿಗಿಂತ ಹೆಚ್ಚಿದ್ದವು. ಹೆಣ್ಣುಮಕ್ಕಳಲ್ಲಿ ಇನ್ನೂ ಸ್ಪಷ್ಟವಾಗಿತ್ತು. ಇಂಥ ಮಾಹಿತಿ ನಮ್ಮೂರಿನ ತಾಯಂದಿರಿಂದಲೇ ಬಂದದ್ದೆಂದು ನನಗೆ ಹೆಮ್ಮೆ.

ಅಜ್ಜಿ, ನಿಮ್ಮ ಮಾತಿನಲ್ಲಿಯೂ ನಿಜವಿದೆ. ಎತ್ತರಕ್ಕೆ ಬೆಳೆಯುವ ಮೊದಲು ಅನೇಕ ಗಂಡುಮಕ್ಕಳು ಸ್ವಲ್ಪ ತುಂಬಿಕೊಳ್ಳುತ್ತಾರೆ, ಆಮೇಲೆ ಸ್ನಾಯು ಬೆಳೆದು ಕೊಬ್ಬಿನ ಪಾಲು ಇಳಿಯುತ್ತದೆ. ನಿಮ್ಮ ಮಕ್ಕಳ ಕುತ್ತಿಗೆ ಹೀಗೆ ಕಪ್ಪಾಗಿರಲಿಲ್ಲ ಎಂದುಕೊಳ್ಳುತ್ತೇನೆ. ಇವನ ಅನ್ನ ಯಾರೂ ಕಸಿಯುವುದಿಲ್ಲ.

ಮಲ್ಲಿಗೆಯವರೇ, ಈ ಪರೀಕ್ಷೆಗಳನ್ನು ಮಾಡಿಸಿ: ಖಾಲಿ ಹೊಟ್ಟೆಯ ಸಕ್ಕರೆ, ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ), ರಕ್ತದಲ್ಲಿನ ಕೊಬ್ಬಿನ ಪರೀಕ್ಷೆ, ಲಿವರಿಗೆ ಎಸ್‌ಜಿಪಿಟಿ, ಹಿಮೋಗ್ಲೋಬಿನ್. ಹತ್ತಿರದ ಮಕ್ಕಳ ವೈದ್ಯರ ಬಳಿ ಬಿಪಿ ನೋಡಿಸಿ. ಹಿಮೋಗ್ಲೋಬಿನ್ ಏಕೆಂದರೆ, ಕಬ್ಬಿಣದ ಕೊರತೆಯಿಂದ ರಕ್ತ ಕಡಿಮೆಯಿದ್ದರೆ ಎಚ್‌ಬಿಎ1ಸಿ ಇಲ್ಲದ ಏರಿಕೆ ತೋರಿಸಬಹುದು.

ರಕ್ತಪರೀಕ್ಷೆಯವ, ಹಾಸನ

ಹದಿನೆಂಟು ವರ್ಷದಿಂದ ಪ್ರಯೋಗಾಲಯದಲ್ಲಿ ಇದ್ದೇನೆ. ಡಾಕ್ಟರ್ ಹೇಳಿದ್ದಕ್ಕೆ ನನ್ನದೊಂದು ಎಚ್ಚರಿಕೆ ಸೇರಿಸುತ್ತೇನೆ. ವರದಿಯ ಬಲಗಡೆ ಅಚ್ಚಾಗಿರುವ ‘ಸಾಮಾನ್ಯ ಮಿತಿ’ ಬಹುತೇಕ ದೊಡ್ಡವರದು. ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು 150ರವರೆಗೆ ಸರಿ ಎಂದು ಅಲ್ಲಿರುತ್ತದೆ. ಹತ್ತು ವರ್ಷದೊಳಗಿನ ಮಕ್ಕಳಲ್ಲಿ 100 ಮುಟ್ಟಿದರೇ ಹೆಚ್ಚು. ಎಸ್‌ಜಿಪಿಟಿ 40ರ ಮೇಲಿನವರೆಗೂ ಸರಿ ಎಂದು ಅಚ್ಚಾಗಿರುತ್ತದೆ; ಹುಡುಗರಿಗೆ 26, ಹುಡುಗಿಯರಿಗೆ 22 ದಾಟಿದರೆ ಮಕ್ಕಳ ಲಿವರ್ ತಜ್ಞರು ಗಮನಿಸುತ್ತಾರೆ. ಹೀಗಾಗಿ ದಪ್ಪ ಅಕ್ಷರದಲ್ಲಿ ಏನೂ ಇಲ್ಲವೆಂದು ನೆಮ್ಮದಿಯಾಗಿ ವರದಿಯನ್ನು ಬೀರುವಿನಲ್ಲಿ ಇಡುವವರೇ ಹೆಚ್ಚು. ವರದಿ ಕೈಗೆ ಬಂದ ಮೇಲೆ ಮಕ್ಕಳ ವೈದ್ಯರಿಗೇ ತೋರಿಸಿ.

ರಾತ್ರಿ ಎಂಟಕ್ಕೆ ಊಟ ಮುಗಿಸಿ, ಬೆಳಿಗ್ಗೆ ನೀರು ಮಾತ್ರ ಕುಡಿಸಿ ಕರೆತನ್ನಿ. ಹಿಂದಿನ ದಿನ ಮದುವೆ ಊಟ ಬೇಡ. ಬಿಪಿ ನೋಡುವಾಗ ತೋಳಿಗೆ ಕಟ್ಟುವ ಪಟ್ಟಿ ಅವನ ತೋಳಿಗೆ ಹೊಂದಬೇಕು. ಪಟ್ಟಿ ಚಿಕ್ಕದಾದರೆ ಬಿಪಿ ಇಲ್ಲದಿದ್ದರೂ ಇದೆ ಎಂದು ತೋರಿಸುತ್ತದೆ, ತೋಳು ದಪ್ಪಗಿರುವ ಮಕ್ಕಳಲ್ಲಿ ಇದು ಪದೇ ಪದೇ ಆಗುವ ತಪ್ಪು. ಐದು ನಿಮಿಷ ಸುಮ್ಮನೆ ಕೂರಿಸಿ ಆಮೇಲೆ ನೋಡಲು ಕೇಳಿಕೊಳ್ಳಿ.

ಲೆಸ್ಟರ್ ಕನ್ನಡಿಗ, ಇಂಗ್ಲೆಂಡ್

ಇಲ್ಲಿ ಮಕ್ಕಳು ಶಾಲೆಗೆ ಸೇರಿದ ವರ್ಷ ಒಮ್ಮೆ, ಹತ್ತು ಹನ್ನೊಂದರ ವಯಸ್ಸಿನಲ್ಲಿ ಒಮ್ಮೆ ಶಾಲೆಯಲ್ಲೇ ಎತ್ತರ, ತೂಕ ನೋಡುತ್ತಾರೆ. ಫಲಿತಾಂಶ ಪತ್ರದ ಮೂಲಕ ಹೆತ್ತವರಿಗೆ ಬರುತ್ತದೆ. ನನ್ನ ಮಗಳದು ‘ಆರೋಗ್ಯಕರ ತೂಕ’ ಎಂದು ಬಂತು. ಆದರೆ ಇಲ್ಲಿ ಎಲ್ಲ ಮಕ್ಕಳಿಗೂ ಗೆರೆ ಒಂದೇ. ಇಲ್ಲಿನ ಸಂಶೋಧಕರು ಭಾರಜಲದ ವಿಧಾನದಿಂದಲೇ ನೋಡಿದಾಗ, ಅದೇ ಬಿಎಂಐ ಇದ್ದರೂ ದಕ್ಷಿಣ ಏಷ್ಯಾ ಮೂಲದ ಮಕ್ಕಳಲ್ಲಿ ಕೊಬ್ಬು ಹೆಚ್ಚು ಎಂದು ಕಂಡುಬಂದಿದೆ. ಅದನ್ನು ಸರಿದೂಗಿಸಲು ನಮ್ಮ ಮಕ್ಕಳ ಬಿಎಂಐಗೆ ಸುಮಾರು 1.1 ಕೂಡಿಸಿ ಓದಬೇಕಂತೆ. ಕೂಡಿಸಿದರೆ ಅವಳು ಗೆರೆಯ ಅಂಚಿಗೆ ಬರುತ್ತಾಳೆ. ದೇಹದಳತೆಯವರೇ, ನಾವು ಹೀಗೇಕೆ?

ದೇಹದಳತೆ, ಬೆಂಗಳೂರು

ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಧನ್ಯವಾದ ಹೇಳಬೇಕು.

ಬಿಎಂಐ ಸೂತ್ರ 1830ರ ದಶಕದ್ದು. ಬೆಲ್ಜಿಯಂನ ಗಣಿತಜ್ಞ ಕೆಟ್ಲೆ ಜನಸಮೂಹದ ಸರಾಸರಿ ಮೈಕಟ್ಟನ್ನು ವಿವರಿಸಲು ಅದನ್ನು ರೂಪಿಸಿದ. ಒಬ್ಬೊಬ್ಬರ ಕೊಬ್ಬನ್ನು ತಿಳಿಯಲು ಅಲ್ಲ. ಅದಕ್ಕೆ ಈಗಿನ ಹೆಸರು ಬಂದದ್ದೇ 1972ರಲ್ಲಿ, ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ ಅವರಿಂದ. ಅದರ ಮಿತಿಯನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದವರು ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಯಾಜ್ಞಿಕ್. 2004ರಲ್ಲಿ ಅವರೂ ಲಂಡನ್ನಿನ ಯುಡ್ಕಿನ್ ಅವರೂ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಚಿತ್ರ ಪ್ರಕಟಿಸಿದರು. ಇಬ್ಬರ ಬಿಎಂಐ ಕೂಡ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2!

ಇದು ಹುಟ್ಟಿನಿಂದಲೇ ಬರುವ ಸಂಗತಿ. ಪುಣೆ ಸುತ್ತಲಿನ ಹಳ್ಳಿಗಳ ನವಜಾತ ಶಿಶುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಶಿಶುಗಳದು 3.5. ನಮ್ಮ ಕೂಸುಗಳಲ್ಲಿ ಸ್ನಾಯು ಕಡಿಮೆ, ಹೊಟ್ಟೆಯೊಳಗಿನ ಅಂಗಗಳು ಚಿಕ್ಕವು. ಆದರೆ ಬೆನ್ನಿನ ರೆಕ್ಕೆಮೂಳೆಯ ಕೆಳಗೆ ಚರ್ಮವನ್ನು ಚಿಮುಟ ಹಾಕಿ ಹಿಡಿದು ಅಳೆದರೆ ಅಲ್ಲಿನ ಕೊಬ್ಬು ಮಾತ್ರ ಹೆಚ್ಚುಕಡಿಮೆ ಅವರಷ್ಟೇ. ಪೀಳಿಗೆಗಳಿಂದ ಅರೆಹೊಟ್ಟೆ ಉಂಡ ತಾಯಂದಿರ ಗರ್ಭದಲ್ಲಿ ಕೂಸಿಗೆ ಸಿಕ್ಕಿದ್ದು ಕಡಿಮೆ. ಸಿಕ್ಕಿದ್ದರಲ್ಲಿ ಕೊಬ್ಬನ್ನು ಉಳಿಸಿಕೊಂಡು ಸ್ನಾಯುವನ್ನು ಬಿಟ್ಟುಕೊಟ್ಟಿತು ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ಸಕ್ಕರೆಯನ್ನು ಹೀರಿಕೊಳ್ಳಬೇಕಾದ ಸ್ನಾಯುವೇ ಕಡಿಮೆ, ಮೇಲಿನಿಂದ ಹೊಟ್ಟೆಯ ಸುತ್ತ, ಲಿವರಿನ ಒಳಗೆ ಕೊಬ್ಬು. ಇಂಥ ಮೈಗೆ ಎಲ್ಲರಿಗಿಂತ ಮೊದಲೇ ತೊಂದರೆ ಶುರುವಾಗುತ್ತದೆ. ನಮ್ಮ ನಕ್ಷೆಯಲ್ಲಿ 25ರ ಬದಲು 23ರ ಗೆರೆ ಹಾಕಿರುವುದು ಅದಕ್ಕೇ.

ಪೀಟಿಮೇಷ್ಟ್ರು, ಚಿತ್ರದುರ್ಗ ಜಿಲ್ಲೆ

ಇಲ್ಲಿಯವರೆಗೆ ಓದಿ ಸುಮ್ಮನಿದ್ದೆ. ಮಲ್ಲಿಗೆಯವರ ಮಗ ಕೇಳಿದ ಪ್ರಶ್ನೆ ಎದೆಯಲ್ಲಿ ನಾಟಿಕೊಂಡಿದೆ.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ತೂಕ ಓದಿ, ದೂರದಲ್ಲಿ ಕೂತಿದ್ದ ಸಹೋದ್ಯೋಗಿಗೆ ಕೂಗಿ ಹೇಳಿ ಬರೆಸುತ್ತಿದ್ದೆವು. ಒಬ್ಬ ಹುಡುಗ ಪ್ರತಿವರ್ಷ ಅದೇ ದಿನ ಗೈರುಹಾಜರಾಗುತ್ತಿದ್ದ. ಏಕೆಂದು ತಿಳಿಯಲು ನನಗೆ ಮೂರು ವರ್ಷ ಬೇಕಾಯಿತು. ಈಗ ಪರದೆಯ ಹಿಂದೆ, ಒಬ್ಬೊಬ್ಬರನ್ನೇ ಕರೆದು, ಏನನ್ನೂ ಬಾಯಿಬಿಟ್ಟು ಹೇಳದೆ ಬರೆದುಕೊಳ್ಳುತ್ತೇವೆ. ಹೆತ್ತವರಿಗೆ ಅಂಟಿಸಿದ ಲಕೋಟೆ ಹೋಗುತ್ತದೆ. ಇದಕ್ಕೆ ಒಂದು ಪೈಸೆ ಹೆಚ್ಚು ಖರ್ಚಿಲ್ಲ. ಉದ್ಯಾನದಲ್ಲಿ ಮಗುವಿನ ಅಂಕಿಯನ್ನು ಗಟ್ಟಿಯಾಗಿ ಓದಿದವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ.

ಇನ್ನೊಂದು ಅಳತೆಯನ್ನು ಯಾರೂ ಹೇಳಲಿಲ್ಲ. ಇಪ್ಪತ್ತು ಮೀಟರ್ ದೂರಕ್ಕೆ ಎರಡು ಗೆರೆ ಎಳೆದು, ಧ್ವನಿಸಂಕೇತಕ್ಕೆ ಸರಿಯಾಗಿ ಅತ್ತಿಂದಿತ್ತ ಓಡುವ ಪರೀಕ್ಷೆ. ಸಂಕೇತ ಹಂತಹಂತವಾಗಿ ವೇಗವಾಗುತ್ತದೆ. ಮಗು ಯಾವ ಹಂತದವರೆಗೆ ತಾಳುತ್ತದೆ ಎಂದು ನೋಡುವುದು. ಹೃದಯ, ಶ್ವಾಸಕೋಶ, ಸ್ನಾಯುಗಳು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿವೆ ಎಂಬುದಕ್ಕೆ ಅದು ಕನ್ನಡಿ. ನೋಡಲು ದಪ್ಪಗಿದ್ದು ಚೆನ್ನಾಗಿ ಓಡುವವರೂ ಇದ್ದಾರೆ, ಕಡ್ಡಿಯಂತಿದ್ದು ಮೂರನೇ ಸುತ್ತಿಗೆ ಕೂತುಬಿಡುವವರೂ ಇದ್ದಾರೆ. ಆರು ತಿಂಗಳು ಖೊಖೊ ಆಡಿಸಿದರೆ ತೂಕ ಕದಲದಿದ್ದರೂ ಈ ಅಂಕಿ ಏರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮಕ್ಕಳಿಗೂ ಏರುವ ಅಂಕಿ ಇಷ್ಟ.

ಒಂದು ಕಾಲದ ದಪ್ಪ ಹುಡುಗಿ, ಉಡುಪಿ

ನನಗೀಗ ಇಪ್ಪತ್ತೆಂಟು. ಹನ್ನೆರಡನೇ ವಯಸ್ಸಿನಲ್ಲಿ ಮನೆಗೆ ಬಂದ ನೆಂಟರೆಲ್ಲ ಮೊದಲು ನನ್ನ ಸೊಂಟ ನೋಡಿ ಆಮೇಲೆ ಮುಖ ನೋಡುತ್ತಿದ್ದರು. ರಾತ್ರಿ ಊಟ ಬಿಟ್ಟು, ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯ ಕತ್ತಲಿನಲ್ಲಿ ಬಿಸ್ಕತ್ತು ತಿನ್ನುತ್ತಿದ್ದೆ. ಮುಟ್ಟು ಏರುಪೇರಾಗಿತ್ತು, ಕುತ್ತಿಗೆ ಕಪ್ಪಾಗಿತ್ತು. ಅದನ್ನು ಯಾರೂ ವೈದ್ಯರಿಗೆ ತೋರಿಸಲಿಲ್ಲ. ಮಲ್ಲಿಗೆ ಅಕ್ಕಾ, ಅಳೆಯುವಾಗ ಅವನಿಗೆ ಇಷ್ಟವಿದೆಯೇ ಎಂದು ಕೇಳಿ ಅಳೆಯಿರಿ.

ಮಲ್ಲಿಗೆಮೊಗ್ಗು, ತುಮಕೂರು

ಕೇಳಿಯೇ ಅಳೆಯುತ್ತೇನೆ ತಂಗಿ.

ವರದಿ ಬಂತು. ಖಾಲಿ ಹೊಟ್ಟೆಯ ಸಕ್ಕರೆ 94, ಎಚ್‌ಬಿಎ1ಸಿ 5.6, ಟ್ರೈಗ್ಲಿಸರೈಡ್ 142, ಎಚ್‌ಡಿಎಲ್ 38, ಎಸ್‌ಜಿಪಿಟಿ 34, ಹಿಮೋಗ್ಲೋಬಿನ್ 12.1. ಬಿಪಿ 104/66. ಹಾಸನದ ಅಣ್ಣ ಹೇಳಿದಂತೆಯೇ ಟ್ರೈಗ್ಲಿಸರೈಡಿಗೂ ಎಸ್‌ಜಿಪಿಟಿಗೂ ಯಾವ ಗುರುತೂ ಹಾಕಿಲ್ಲ. ಇನ್ಸುಲಿನ್ ಪರೀಕ್ಷೆಯೂ ಸೇರಿದ ಪ್ಯಾಕೇಜು ತೆಗೆದುಕೊಳ್ಳಿ ಎಂದು ಅಲ್ಲಿ ಒತ್ತಾಯಿಸಿದರು, ನಾನು ಬೇಡವೆಂದೆ. ತಪ್ಪು ಮಾಡಿದೆನೇ?

ಮಕ್ಕಳವೈದ್ಯೆ, ಮೈಸೂರು

ಸರಿಯಾಗಿಯೇ ಮಾಡಿದಿರಿ. ಮೈನೆರೆಯುವ ವಯಸ್ಸಿನಲ್ಲಿ ಎಲ್ಲ ಮಕ್ಕಳಲ್ಲೂ ಇನ್ಸುಲಿನ್ ತಾನಾಗಿಯೇ ಏರಿ, ಬೆಳವಣಿಗೆ ಮುಗಿಯುವಾಗ ಇಳಿಯುತ್ತದೆ. ಇಷ್ಟಿದ್ದರೆ ಸರಿ, ಇಷ್ಟಿದ್ದರೆ ತಪ್ಪು ಎಂದು ಎಲ್ಲರೂ ಒಪ್ಪಿದ ಗೆರೆ ಮಕ್ಕಳಿಗೆ ಇಲ್ಲ. ಅವನ ಕುತ್ತಿಗೆ ಹೇಳಿದ್ದಕ್ಕಿಂತ ಹೆಚ್ಚಿನದೇನನ್ನೂ ಆ ಪರೀಕ್ಷೆ ಹೇಳುತ್ತಿರಲಿಲ್ಲ.

ಸಕ್ಕರೆ 100ರ ಒಳಗಿದೆ, ಎಚ್‌ಬಿಎ1ಸಿ 5.7ರ ಒಳಗಿದೆ, ಬಿಪಿ ಚೆನ್ನಾಗಿದೆ. ಟ್ರೈಗ್ಲಿಸರೈಡ್ ಅವನ ವಯಸ್ಸಿಗೆ ಹೆಚ್ಚು, ಒಳ್ಳೆಯ ಕೊಬ್ಬು ಎಂದು ಕರೆಯುವ ಎಚ್‌ಡಿಎಲ್ 40ಕ್ಕಿಂತ ಕಡಿಮೆ, ಎಸ್‌ಜಿಪಿಟಿ 26 ದಾಟಿದೆ. ಲಿವರಿನಲ್ಲಿ ಕೊಬ್ಬು ಕೂರಲು ಆರಂಭವಾಗಿರಬಹುದು. ಎರಡು ಪಟ್ಟಿನಷ್ಟು ಏರಿಲ್ಲವಾದ್ದರಿಂದ ಈಗಲೇ ಬೇರೆ ಪರೀಕ್ಷೆಗಳಿಗೆ ಓಡಬೇಕಿಲ್ಲ. ಕೆಲವು ತಿಂಗಳ ನಂತರ ಮತ್ತೆ ನೋಡೋಣ. ‘ಮೆಟಬಾಲಿಕ್ ಸಿಂಡ್ರೋಮ್’ (ಹೊಟ್ಟೆಯ ಬೊಜ್ಜಿನ ಜೊತೆಗೆ ಸಕ್ಕರೆ, ಬಿಪಿ, ರಕ್ತದ ಕೊಬ್ಬುಗಳ ಏರುಪೇರು ಕೂಡಿ ಬರುವ ಸ್ಥಿತಿ) ಎಂದು ಯಾರಾದರೂ ಬರೆದುಕೊಟ್ಟರೆ ಒಪ್ಪಬೇಡಿ. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ ಪ್ರಕಾರ ಹತ್ತು ವರ್ಷದೊಳಗಿನ ಮಗುವಿಗೆ ಆ ಹೆಸರು ಹಚ್ಚುವಂತೆಯೇ ಇಲ್ಲ. ಎತ್ತರ ಚೆನ್ನಾಗಿ ಬೆಳೆಯುತ್ತಿರುವುದರಿಂದ ಥೈರಾಯ್ಡಿನ ಅನುಮಾನವೂ ಹೆಚ್ಚಿಲ್ಲ. ಅಂಥ ಕಾಯಿಲೆಯಿಂದ ದಪ್ಪಗಾಗುವ ಮಗು ಸಾಮಾನ್ಯವಾಗಿ ಕುಳ್ಳಗೇ ಉಳಿಯುತ್ತದೆ.

ತೂಕ ಇಳಿಸುವ ಮಾತು ಬೇಡ. ತೂಕ ಇದ್ದಲ್ಲಿ ನಿಂತು ಎತ್ತರ ಬೆಳೆದರೆ ಸಾಕು. ಮನೆಯಲ್ಲಿ ಎಲ್ಲರಿಗೂ ಒಂದೇ ಅಡುಗೆ ಇರಲಿ, ಅವನೊಬ್ಬನಿಗೆ ಪಥ್ಯ ಬೇಡ. ಹಾಲಿಗೆ ಹಾಕುವ ಸಿಹಿ ಪುಡಿ, ತಂಪು ಪಾನೀಯ, ಪ್ಯಾಕೆಟ್ ಹಣ್ಣಿನ ರಸ, ಸಂಜೆಯ ಬೇಕರಿ ತಿಂಡಿ ಇವು ಮನೆಗೇ ಬರದಿರಲಿ. ಟ್ರೈಗ್ಲಿಸರೈಡೂ ಲಿವರೂ ಮೊದಲು ಸ್ಪಂದಿಸುವುದು ಇದಕ್ಕೇ. ತಟ್ಟೆಯಲ್ಲಿ ಅನ್ನ ಅಥವಾ ಮುದ್ದೆಗಿಂತ ಮೊದಲು ಕಾಳಿನ ಪಲ್ಯ, ಸೊಪ್ಪಿನ ಸಾರು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ ಬೀಳಲಿ. ದಿನಕ್ಕೆ ಒಂದು ಗಂಟೆ ಮೈ ಬೆವರುವಷ್ಟು ಆಟ, ರಾತ್ರಿ ಕನಿಷ್ಠ ಒಂಬತ್ತು ಗಂಟೆ ನಿದ್ದೆ.

ಕಡಲತೀರದ ಅಪ್ಪ, ಕಾರವಾರ

ನನ್ನ ಮಗಳಿಗೆ ಹನ್ನೆರಡು, ತೆಳ್ಳಗಿದ್ದಾಳೆ. ಆದರೆ ಎರಡೂ ಕಡೆ ಸಕ್ಕರೆ ಕಾಯಿಲೆ. ಇದನ್ನೆಲ್ಲ ಓದಿದ ಮೇಲೆ ಅವಳನ್ನೂ ಪರೀಕ್ಷಿಸಬೇಕೇ ಎಂಬ ಚಿಂತೆ ಹತ್ತಿದೆ.

ದೇಹದಳತೆ, ಬೆಂಗಳೂರು

ನಿಮ್ಮ ಚಿಂತೆ ಅಸ್ಥಾನದ್ದಲ್ಲ. 2016-18ರ ರಾಷ್ಟ್ರೀಯ ಸಮಗ್ರ ಪೌಷ್ಟಿಕತೆ ಸಮೀಕ್ಷೆಯಲ್ಲಿ ಐದರಿಂದ ಹತ್ತೊಂಬತ್ತರ ಮಕ್ಕಳ ರಕ್ತ ನೋಡಿದಾಗ ಹತ್ತರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆಯ ಪೂರ್ವಸ್ಥಿತಿ ಕಂಡಿತು. ಹದಿಹರೆಯದವರಲ್ಲಿ ಅಧಿಕ ತೂಕ ಇದ್ದವರ ಪಾಲು ಅದರ ಅರ್ಧದಷ್ಟು ಮಾತ್ರ. ಅಂದರೆ ಇವರಲ್ಲಿ ಹಲವರು ದಪ್ಪಗಿರಲಿಲ್ಲ. ದೆಹಲಿಯಲ್ಲಿ ಹುಟ್ಟಿನಿಂದ ಅಳೆಯುತ್ತಾ ಬಂದ ಸುಮಾರು 1,500 ಮಂದಿಯಲ್ಲಿ ಮೂವತ್ತರ ಆಸುಪಾಸಿಗೆ ಸಕ್ಕರೆ ಏರಿದವರು ಎರಡನೇ ವಯಸ್ಸಿನಲ್ಲಿ ಸಣಕಲಾಗಿದ್ದು, ನಂತರ ನಕ್ಷೆಯಲ್ಲಿ ಮೆಲ್ಲಮೆಲ್ಲನೆ ಮೇಲಿನ ಗೆರೆಗಳಿಗೆ ಏರಿದವರು. ಬಾಲ್ಯದಲ್ಲಿ ಬೊಜ್ಜು ಎಂದು ಯಾರೂ ಗುರುತಿಸುವಂತಿರಲಿಲ್ಲ. ಆದ್ದರಿಂದ ಹಳೆಯ ತೂಕ, ಎತ್ತರಗಳನ್ನು ಹುಡುಕಿ ತೆಗೆದು ನಕ್ಷೆಯ ಮೇಲೆ ಒಂದೊಂದಾಗಿ ಚುಕ್ಕಿ ಇಡಿ. ಗೆರೆಗೆ ಸಮಾನಾಂತರವಾಗಿ ಸಾಗುತ್ತಿದ್ದಾಳೋ, ಗೆರೆ ದಾಟುತ್ತಿದ್ದಾಳೋ ನೋಡಿ. ಹೊಟ್ಟೆಯ ಅಳತೆ ಎತ್ತರದ ಅರ್ಧದೊಳಗಿದ್ದು, ಕುತ್ತಿಗೆ ತಿಳಿಯಾಗಿದ್ದರೆ ರಕ್ತಪರೀಕ್ಷೆಗೆ ಅವಸರವಿಲ್ಲ.

ಮಲ್ಲಿಗೆಮೊಗ್ಗು, ತುಮಕೂರು (ಐದು ತಿಂಗಳ ನಂತರ)

ಎಲ್ಲರಿಗೂ ಮತ್ತೆ ನಮಸ್ಕಾರ. ನಿನ್ನೆ ವರದಿ ಬಂತು. ಎತ್ತರ 138. ತೂಕ 36.4, ಹೆಚ್ಚುಕಡಿಮೆ ನಿಂತಲ್ಲೇ ಇದೆ. ಹೊಟ್ಟೆ 68.5, ಅರ್ಧ ಎಂದರೆ 69. ಟ್ರೈಗ್ಲಿಸರೈಡ್ 108, ಎಚ್‌ಡಿಎಲ್ 40, ಎಸ್‌ಜಿಪಿಟಿ 27. ಕುತ್ತಿಗೆಯ ಕಪ್ಪು ಪೂರ್ತಿ ಹೋಗಿಲ್ಲ, ಆದರೆ ದೊರಗು ಕಡಿಮೆಯಾಗಿದೆ. ಸಂಜೆ ಬೇಕರಿಯ ಬದಲು ನಮ್ಮ ಬೀದಿಯ ಮಕ್ಕಳೆಲ್ಲ ಸೇರಿ ಲಗೋರಿ ಆಡುತ್ತಾರೆ, ಅವನ ಅಪ್ಪನೂ ಸೇರಿಕೊಳ್ಳುತ್ತಾರೆ. ಅವರ ಹೊಟ್ಟೆಯೂ ನಾಲ್ಕು ಸೆಂಟಿಮೀಟರ್ ಇಳಿದಿದೆ. ಎರಡು ತಿಂಗಳು ತುಂಬ ಕಷ್ಟವಾಯಿತು. ಹುಟ್ಟುಹಬ್ಬದ ಮನೆಗಳಲ್ಲಿ ಅವನ ಮುಖ ನೋಡಲಾಗುತ್ತಿರಲಿಲ್ಲ. ಈಗ ಕೇಕು ತಿನ್ನುತ್ತಾನೆ, ಒಂದು ತುಂಡು.

ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ತಾನೇ ಪೆನ್ಸಿಲಿನಿಂದ ಎತ್ತರ ಗುರುತು ಮಾಡಿಕೊಳ್ಳುತ್ತಿದ್ದಾನೆ. ನಿನ್ನೆ ಸಂಜೆ ನೋಡಿದರೆ ಹೋದ ವಾರದ ಗುರುತಿಗಿಂತ ಕೆಳಗೆ ಬಂದು, “ಕುಳ್ಳಗಾಗಿಬಿಟ್ಟೆನೇ?” ಎಂದು ಗಾಬರಿಯಾಗಿದ್ದಾನೆ.

ದೇಹದಳತೆ, ಬೆಂಗಳೂರು

ಹೋದ ವಾರದ್ದನ್ನು ಬೆಳಿಗ್ಗೆ ಗುರುತು ಮಾಡಿರಬೇಕು. ದಿನವಿಡೀ ನಿಂತು, ಓಡಿ ಬೆನ್ನುಮೂಳೆಗಳ ನಡುವಿನ ಮೆತ್ತೆ ಒತ್ತಿಕೊಂಡು ಸಂಜೆಗೆ ಎಲ್ಲರೂ ಒಂದು ಸೆಂಟಿಮೀಟರಿನಷ್ಟು ತಗ್ಗುತ್ತೇವೆ, ಮಲಗಿ ಎದ್ದರೆ ಮರಳಿ ಬರುತ್ತದೆ. ತಿಂಗಳಿಗೊಮ್ಮೆ, ಎದ್ದ ಕೂಡಲೇ, ಹಿಮ್ಮಡಿ ಚೌಕಟ್ಟಿಗೆ ತಾಗಿಸಿ ನಿಂತು, ತಲೆಯ ಮೇಲೆ ಗಟ್ಟಿ ರಟ್ಟಿನ ಪುಸ್ತಕವನ್ನು ಮಟ್ಟಸವಾಗಿ ಇಟ್ಟು ಗುರುತು ಹಾಕಲು ಹೇಳಿ. ಪುಸ್ತಕ ಹಿಡಿಯಲು ನಿಮ್ಮನ್ನು ಕರೆಯಲಿ.